ಲಾಳದ ಕೆಲಸ ಕಲಿಯುವವರಿಗೆ: ಕೋರ್ಸಿಗೆ ಹಣ ಕಟ್ಟುವ ಮುನ್ನ

ಕುದುರೆಗೆ ಲಾಳ ಕಟ್ಟುವ ಕೋರ್ಸ್ ಎಲ್ಲಿದೆ, ಎಷ್ಟು ವಾರ, ಶುಲ್ಕ ಎಷ್ಟು? ಈ ಕೆಲಸ ಕಲಿಯಲು ಹೊರಟವರು ಮೊದಲು ಕೇಳುವುದು ಇವನ್ನೇ. ಕೋರ್ಸ್ ಮುಗಿಯುವಷ್ಟರಲ್ಲಿ ಎಷ್ಟು ಕುದುರೆಗಳ ಕಾಲು ಕೈಗೆ ಸಿಗುತ್ತದೆ ಎಂದು ಕೇಳುವವರು ಅಪರೂಪ. ವಿಡಿಯೊ ನೋಡಿ ಹುರುಪುಗೊಂಡು, ವಿದೇಶದ ಎರಡು ವಾರದ ಶಿಬಿರಕ್ಕೆ ಕೈತುಂಬ ಹಣ ಸುರಿದು, ಪ್ರಮಾಣಪತ್ರ ಹಿಡಿದು ಬಂದವರೂ ಇದ್ದಾರೆ. ಅವರು ಲಾಳ ಹೊಡೆದ ಕುದುರೆ ಮರುದಿನ ಕುಂಟಿದಾಗ ಆ ಪತ್ರ ಯಾವ ನೆರವಿಗೂ ಬರುವುದಿಲ್ಲ.

ಹಿನ್ನೆಲೆ ಇಷ್ಟೆ: ಕುದುರೆಯ ಗೊರಸು ತಿಂಗಳಿಗೆ ಸುಮಾರು 6ರಿಂದ 10 ಮಿ.ಮೀ. ಬೆಳೆಯುತ್ತದೆ. ಬಯಲಲ್ಲಿ ಅಡ್ಡಾಡುವ ಕುದುರೆಗೆ ಬೆಳೆದಷ್ಟೂ ಸವೆದುಹೋಗುತ್ತದೆ. ಡಾಂಬರು ರಸ್ತೆಯಲ್ಲಿ ಗಾಡಿ ಎಳೆಯುವ, ಟ್ರ್ಯಾಕಿನಲ್ಲಿ ಓಡುವ ಕುದುರೆಗೆ ಬೆಳೆಯುವುದಕ್ಕಿಂತ ಸವೆಯುವುದೇ ಹೆಚ್ಚು, ಅದಕ್ಕೇ ಲಾಳ. ಲಾಳ ಹೊಡೆದ ಮೇಲೆ ಗೊರಸು ಹೆಚ್ಚೇನೂ ಸವೆಯುವುದಿಲ್ಲವಾದ್ದರಿಂದ ಐದಾರು ವಾರಕ್ಕೊಮ್ಮೆ ಅದನ್ನು ಬಿಚ್ಚಿ, ಬೆಳೆದದ್ದನ್ನು ಕತ್ತರಿಸಿ, ಮತ್ತೆ ಕಟ್ಟಬೇಕು. ಹಾಗಾಗಿ ಕುದುರೆ ಇರುವಷ್ಟು ಕಾಲ ಕೆಲಸವಿದೆ. ನಮ್ಮಲ್ಲಿ ಬೆಂಗಳೂರು ಮತ್ತು ಮೈಸೂರಿನ ರೇಸ್‌ಕೋರ್ಸ್‌ಗಳು, ಮೈಸೂರಿನ ಅಶ್ವಾರೋಹಿ ಪೊಲೀಸ್ ದಳ, ಬೆಂಗಳೂರು ಸುತ್ತಲಿನ ಕುದುರೆ ಸವಾರಿ ಶಾಲೆಗಳು, ಕುಣಿಗಲ್ ಸ್ಟಡ್ ಫಾರ್ಮ್, ಮೈಸೂರಿನ ಟಾಂಗಾಗಳು, ಎಲ್ಲ ಕಡೆಯೂ ಈ ಕೈಗಳು ಬೇಕು.

ಇಲ್ಲಿ ಈ ಕೆಲಸ ಮಾಡುತ್ತಿರುವವರಲ್ಲಿ ಹೆಚ್ಚಿನವರು ಯಾವ ಶಾಲೆಗೂ ಹೋದವರಲ್ಲ. ಅಪ್ಪನಿಂದಲೋ ಉಸ್ತಾದರಿಂದಲೋ ಕಲಿತವರು. ಅವರ ಕೈಚಳಕವನ್ನು ಹಗುರವಾಗಿ ನೋಡುವುದು ತಪ್ಪು. ಆದರೆ ಗೊರಸಿನ ಒಳಗೆ ಯಾವ ಮೂಳೆ ಎಲ್ಲಿದೆ, ರಕ್ತನಾಳ ಎಲ್ಲಿ ಹಾದಿದೆ ಎಂಬುದನ್ನು ಬಿಡಿಸಿ ನೋಡುವ ಅವಕಾಶ ಅವರಲ್ಲಿ ಅನೇಕರಿಗೆ ಸಿಕ್ಕಿಲ್ಲ. ಒಳ್ಳೆಯ ಕೋರ್ಸ್ ತುಂಬಬೇಕಾದದ್ದು ಆ ಕೊರತೆಯನ್ನು.

ಎಲ್ಲಿ ಕಲಿಯಬಹುದು

ಇಂಗ್ಲೆಂಡಿನಲ್ಲಿ ಲಾಳ ಕಟ್ಟುವುದು ಕಾನೂನಿನ ಚೌಕಟ್ಟಿನೊಳಗಿನ ವೃತ್ತಿ. 1975ರ ನೋಂದಣಿ ಕಾಯ್ದೆಯ ಪ್ರಕಾರ ಫ್ಯಾರಿಯರ್ಸ್ ರಿಜಿಸ್ಟ್ರೇಷನ್ ಕೌನ್ಸಿಲ್‌ನಲ್ಲಿ ಹೆಸರಿಲ್ಲದವರು ಕುದುರೆಗೆ ಲಾಳ ಕಟ್ಟುವಂತಿಲ್ಲ. ಹೆಸರು ಬರಬೇಕಾದರೆ ಮಾನ್ಯತೆ ಪಡೆದ ಗುರುವಿನ ಕೈಕೆಳಗೆ ಸುಮಾರು ನಾಲ್ಕು ವರ್ಷ ದುಡಿಯಬೇಕು, ನಡುನಡುವೆ ಕಾಲೇಜಿಗೆ ಹೋಗಿಬರಬೇಕು, ಕೊನೆಗೆ ವರ್ಶಿಪ್‌ಫುಲ್ ಕಂಪನಿ ಆಫ್ ಫ್ಯಾರಿಯರ್ಸ್‌ನ ಡಿಪ್ಲೊಮಾ ಪಡೆಯಬೇಕು. ಅಮೆರಿಕದಲ್ಲಿ ಇಂಥ ಕಟ್ಟಳೆಯಿಲ್ಲ. ಅಲ್ಲಿ ಎರಡು ವಾರದ ಶಿಬಿರದಿಂದ ಹಿಡಿದು ಕಾರ್ನೆಲ್ ವಿಶ್ವವಿದ್ಯಾಲಯದ 16 ವಾರಗಳ ಕೋರ್ಸಿನವರೆಗೆ ನಾನಾ ಬಗೆ. 1971ರಲ್ಲಿ ಶುರುವಾದ ಅಮೆರಿಕನ್ ಫ್ಯಾರಿಯರ್ಸ್ ಅಸೋಸಿಯೇಷನ್ ಹಂತಹಂತದ ಪರೀಕ್ಷೆ ನಡೆಸಿ ಪ್ರಮಾಣಪತ್ರ ಕೊಡುತ್ತದೆ, ಆದರೆ ಅದು ಕಡ್ಡಾಯವಲ್ಲ. ಅಮೆರಿಕದ ಕಿರು ಕೋರ್ಸ್ ಮುಗಿಸಿ ಇಂಗ್ಲೆಂಡಿನಲ್ಲಿ ಕೆಲಸ ಹಿಡಿಯುತ್ತೇನೆ ಎಂದು ಲೆಕ್ಕ ಹಾಕುವವರು ಈ ವ್ಯತ್ಯಾಸವನ್ನು ಮೊದಲೇ ತಿಳಿದಿರಬೇಕು.

ಭಾರತದಲ್ಲಿ ಬ್ರಿಟನ್ನಿನಂಥ ಕಡ್ಡಾಯ ನೋಂದಣಿ ಇಲ್ಲ. ಸೇನೆಯ ರಿಮೌಂಟ್ ವೆಟರ್ನರಿ ಕೋರ್ ತನ್ನ ಫ್ಯಾರಿಯರ್‌ಗಳನ್ನು, ಅಂದರೆ ಲಾಳ ಕಟ್ಟುವವರನ್ನು, ತಾನೇ ತಯಾರು ಮಾಡಿಕೊಳ್ಳುತ್ತದೆ. ಅದರ ಕೇಂದ್ರ ಮೀರತ್‌ನಲ್ಲಿದೆ, ಆದರೆ ಅಲ್ಲಿ ಕಲಿಯಲು ಸೈನಿಕನಾಗಿರಬೇಕು. ಉತ್ತರ ಭಾರತದ ಇಟ್ಟಿಗೆ ಗೂಡುಗಳಲ್ಲಿ ದುಡಿಯುವ ಕತ್ತೆ, ಹೇಸರಗತ್ತೆ, ಕುದುರೆಗಳಿಗಾಗಿ ಕೆಲಸ ಮಾಡುವ ಬ್ರೂಕ್ ಇಂಡಿಯಾ ಸಂಸ್ಥೆ ಅಲ್ಲಿನ ನಾಲ್‌ಬಂದ್‌ಗಳಿಗೆ (ಲಾಳ ಕಟ್ಟುವವರಿಗೆ) ತರಬೇತಿ ಕೊಡುತ್ತ ಬಂದಿದೆ. ಉಳಿದಂತೆ ಸವಾರಿ ಶಾಲೆಗಳೋ ರೇಸ್ ಕ್ಲಬ್‌ಗಳೋ ಆಗಾಗ ಹೊರಗಿನ ಪರಿಣತರನ್ನು ಕರೆಸಿ ನಡೆಸುವ ಕಾರ್ಯಾಗಾರಗಳಿವೆ. ಇವನ್ನು ಕಾಯುತ್ತ ಕೂರುವುದಕ್ಕಿಂತ ನುರಿತವರೊಬ್ಬರ ಜೊತೆ ಸಹಾಯಕನಾಗಿ ಸೇರಿಕೊಂಡು, ಕಾರ್ಯಾಗಾರ ಬಂದಾಗ ಹೋಗುವುದು ಜಾಣತನ.

ಶುಲ್ಕ ಕಟ್ಟುವ ಮೊದಲು ಮೂರು ವಿಷಯ ವಿಚಾರಿಸಬೇಕು. ಒಬ್ಬ ಶಿಕ್ಷಕರಿಗೆ ಎಷ್ಟು ವಿದ್ಯಾರ್ಥಿಗಳು? ಅಭ್ಯಾಸಕ್ಕೆ ಸತ್ತ ಕುದುರೆಯ ಕಾಲು ಕೊಡುತ್ತಾರೆಯೇ? ದಿನಕ್ಕೆ ಎಷ್ಟು ಹೊತ್ತು ಕುಲುಮೆಯ ಮುಂದೆ, ಎಷ್ಟು ಹೊತ್ತು ಕುದುರೆಯ ಅಡಿಯಲ್ಲಿ? ಎರಡನೆಯ ಪ್ರಶ್ನೆ ಕೇಳಲು ಕೆಲವರಿಗೆ ಮುಜುಗರ. ಆದರೆ ಮೊದಲ ಮೊಳೆಯನ್ನು ಜೀವಂತ ಕುದುರೆಗೆ ಹೊಡೆಸುವ ಶಾಲೆ ಒಳ್ಳೆಯ ಶಾಲೆಯಲ್ಲ. ಸತ್ತ ಕಾಲನ್ನು ಉದ್ದಕ್ಕೆ ಸೀಳಿ ನೋಡಿದವನಿಗೆ ಗೊರಸಿನ ಹೊರಗಿನ ಗಟ್ಟಿ ಗೋಡೆಗೂ ಒಳಗಿನ ಜೀವಂತ ಭಾಗಕ್ಕೂ ಎಷ್ಟು ಕಡಿಮೆ ಅಂತರವಿದೆ ಎಂಬುದು ಆಮೇಲೆ ಎಂದೂ ಮರೆಯುವುದಿಲ್ಲ.

ಕೋರ್ಸಿಗೂ ಮೊದಲು ಲಾಯ

ಮೊದಲ ಹೆಜ್ಜೆಗೆ ಯಾವ ಶುಲ್ಕವೂ ಇಲ್ಲ. ಕೆಲವು ತಿಂಗಳು ಲಾಯದಲ್ಲಿ ಕುದುರೆ ನೋಡಿಕೊಳ್ಳುವ ಸೈಸ್‌ಗಳ ಜೊತೆ ದುಡಿಯಬೇಕು. ದಿನಾ ಬೆಳಿಗ್ಗೆ ಗೊರಸು ಕೆದಕಿ ಲದ್ದಿ, ಕಲ್ಲು ತೆಗೆಯುವ ಕೆಲಸವೇ ಸಾಕು. ಕುದುರೆ ಯಾವಾಗ ಮೈಭಾರ ಬದಲಿಸುತ್ತದೆ, ಯಾವಾಗ ಕಿವಿ ಹಿಂದಕ್ಕೆ ಒತ್ತುತ್ತದೆ, ಒದೆಯುವ ಮುನ್ನ ಸೊಂಟ ಹೇಗೆ ಬಿಗಿಯುತ್ತದೆ ಎಂಬುದು ತಾನಾಗಿ ತಿಳಿಯುತ್ತದೆ. ಮುಂಗಾಲನ್ನು ಎರಡು ಮಂಡಿಗಳ ನಡುವೆ ಹಿಡಿದು, ಕುದುರೆಯ ಬಾಲದ ಕಡೆ ಮುಖ ಮಾಡಿ ಬಾಗಿ ನಿಲ್ಲಬೇಕು. ಹಿಂಗಾಲನ್ನು ತೊಡೆಯ ಮೇಲೆ ಇರಿಸಿಕೊಳ್ಳಬೇಕು. ಬೆನ್ನು ಇದನ್ನು ತಾಳುತ್ತದೆಯೇ ಎಂಬುದೂ ಲಾಯದಲ್ಲೇ ಗೊತ್ತಾಗಲಿ. ಕುದುರೆಯ ಕಾಲ ಬಳಿ ಮಂಡಿಯೂರಿ ಕೂರುವ ಅಭ್ಯಾಸವಿದ್ದರೆ ಇಲ್ಲೇ ಬಿಡಬೇಕು, ಏಕೆಂದರೆ ಕೂತವನಿಗೆ ಹಿಂದೆ ಸರಿಯಲು ಸಮಯವಿರುವುದಿಲ್ಲ.

ಸಂತೆಯಲ್ಲಿ ಎತ್ತುಗಳಿಗೆ ಲಾಳ ಕಟ್ಟುವ ಮನೆತನದ ಹುಡುಗರು ಈ ಕಡೆ ಬರುವುದುಂಟು. ಸುತ್ತಿಗೆ, ಮೊಳೆಯ ಪಳಗಿಕೆ ಅವರಿಗೆ ದೊಡ್ಡ ಬಲ. ಆದರೆ ಎತ್ತನ್ನು ಕೆಡವಿ, ಕಾಲು ಕಟ್ಟಿ, ಸೀಳು ಗೊರಸಿನ ಒಂದೊಂದು ಹೋಳಿಗೂ ಬೇರೆ ಬೇರೆ ತಗಡು ಹೊಡೆಯುವ ಕೆಲಸವೇ ಬೇರೆ. ಕುದುರೆ ನಿಂತೇ ಇರುತ್ತದೆ, ಒಂದೇ ಗೊರಸು, ಮತ್ತು ಆ ಗೊರಸು ಪ್ರತಿ ಹೆಜ್ಜೆಗೂ ಹಿಮ್ಮಡಿಯಲ್ಲಿ ತುಸು ಅರಳಿ ಮುಚ್ಚುತ್ತದೆ. ಈ ಅರಳುವಿಕೆಯನ್ನು ನೆನಪಿಟ್ಟುಕೊಳ್ಳಬೇಕು. ಮುಂದಿನ ಮಾತೆಲ್ಲ ಅದನ್ನೇ ನೆಚ್ಚಿದೆ.

ಉಪಕರಣಗಳಿಗೆ ಆರಂಭದಲ್ಲಿ ಹೆಚ್ಚು ಹಣ ಹಾಕುವುದು ಬೇಡ. ಚರ್ಮದ ಏಪ್ರನ್, ಗೊರಸಿನ ಚಾಕು, ಅಂಚು ಕತ್ತರಿಸುವ ನಿಪ್ಪರ್, ಗೊರಸು ಉಜ್ಜುವ ಉದ್ದನೆಯ ರಾಸ್ಪ್, ಹಳೆ ಲಾಳ ಕೀಳುವ ಇಕ್ಕುಳ, ಹಗುರವಾದ ಮೊಳೆ ಸುತ್ತಿಗೆ ಇದ್ದರೆ ಸಾಕು. ಅಡಿಗಲ್ಲು, ಗ್ಯಾಸ್ ಕುಲುಮೆ ಆಮೇಲೆ. ಚಾಕು ಮಾತ್ರ ಒಳ್ಳೆಯದಿರಲಿ, ಅದನ್ನು ಹರಿತ ಮಾಡುವುದನ್ನು ಮೊದಲ ವಾರವೇ ಕಲಿಯಬೇಕು.

ಕಲಿಯಬೇಕಾದ ಕ್ರಮ

ಕುದುರೆಯನ್ನು ಗಟ್ಟಿ ನೆಲದ ಮೇಲೆ ನಡೆಸಿ ನೋಡುವುದರಿಂದ ಕೆಲಸ ಶುರು. ಯಾವ ಕಾಲು ಮೊದಲು ಊರುತ್ತದೆ, ಹಿಮ್ಮಡಿ ತಾಗುತ್ತದೋ ತುದಿ ತಾಗುತ್ತದೋ, ಒಂದು ಪಕ್ಕ ಮೊದಲು ತಗಲುತ್ತದೋ ಗಮನಿಸಬೇಕು. ನಿಲ್ಲಿಸಿ ಪಕ್ಕದಿಂದ ನೋಡಿದಾಗ ಗೊರಸಿನ ಮುಂಭಾಗದ ಗೆರೆಯೂ ಅದರ ಮೇಲಿನ ಕಣಕಾಲಿನ ಗೆರೆಯೂ ಒಂದೇ ಓರೆಯಲ್ಲಿರಬೇಕು. ಆಮೇಲೆ ಹಳೆಯ ಲಾಳ ಬಿಚ್ಚುವುದು. ಮೊಳೆಗಳ ಮಡಚಿದ ತುದಿಗಳನ್ನು ನೇರ ಮಾಡದೆ ಇಕ್ಕುಳದಿಂದ ಎಳೆದರೆ ಗೋಡೆಯ ಚಕ್ಕೆಯೂ ಕಿತ್ತುಬರುತ್ತದೆ.

ಬಿಚ್ಚಿದ ಲಾಳವನ್ನು ಎಸೆಯುವ ಮುನ್ನ ಗೊರಸಿಗೆ ತಾಗುತ್ತಿದ್ದ ಮುಖವನ್ನು ತಿರುಗಿಸಿ ನೋಡಬೇಕು. ಹಿಮ್ಮಡಿಯ ಭಾಗದಲ್ಲಿ ಕಬ್ಬಿಣ ತಿಕ್ಕಿಸಿಕೊಂಡು ನುಣುಪಾಗಿ ಹೊಳೆಯುತ್ತಿರುತ್ತದೆ. ಗೊರಸು ಹೆಜ್ಜೆಹೆಜ್ಜೆಗೂ ಅಲ್ಲಿ ಅರಳಿ ಮುಚ್ಚಿದ ಗುರುತು ಅದು.

ಗೊರಸು ಕತ್ತರಿಸಿ ಸಮ ಮಾಡುವುದು ಈ ವೃತ್ತಿಯ ಅರ್ಧಕ್ಕಿಂತ ಹೆಚ್ಚು ಕೆಲಸ. ಸ್ಟಡ್ ಫಾರ್ಮ್‌ಗಳಲ್ಲಿ ಮರಿಗಳಿಗೆ ಸಾಮಾನ್ಯವಾಗಿ ಲಾಳವೇ ಇರುವುದಿಲ್ಲ, ಅಲ್ಲಿ ಬೇಕಾಗುವುದು ಈ ಕೈ ಮಾತ್ರ. ಹೆಚ್ಚಾಗಿ ಬೆಳೆದ ಗೋಡೆಯನ್ನಷ್ಟೇ ತೆಗೆಯಬೇಕು. ನಡುವಿನ ಮೆತ್ತನೆಯ ತ್ರಿಕೋನ ಭಾಗವಾದ ಫ್ರಾಗನ್ನೂ ಅಂಗಾಲನ್ನೂ ಅಂದ ಕಾಣಲೆಂದು ಹೆರೆಯುವ ಚಾಳಿ ನಮ್ಮಲ್ಲಿ ಬಹಳ ಇದೆ. ತೆಳುವಾದ ಅಂಗಾಲಿಗೆ ಒಂದು ಸಣ್ಣ ಕಲ್ಲು ಒತ್ತಿದರೂ ಕುದುರೆ ಕುಂಟುತ್ತದೆ. ನೇತಾಡುವ ಸತ್ತ ಚೂರು, ಕೊಳೆತು ವಾಸನೆ ಬರುವ ಕಪ್ಪು ಭಾಗ ತೆಗೆದು ಅಲ್ಲಿಗೆ ನಿಲ್ಲಿಸಬೇಕು.

ಲಾಳಕ್ಕೆ ತಕ್ಕ ಗೊರಸೋ, ಗೊರಸಿಗೆ ತಕ್ಕ ಲಾಳವೋ

ಕೆಡುವುದು ಮುಖ್ಯವಾಗಿ ಈ ಹಂತದಲ್ಲೇ. ಕಲಿಯುವವರು ಬೇರೆ ಎಲ್ಲ ಮರೆತರೂ ಇದೊಂದನ್ನು ಮರೆಯಬಾರದು.

ಅಂಗಡಿಯಲ್ಲಿ ಸಿದ್ಧ ಲಾಳಗಳು ಅಳತೆಯ ಪ್ರಕಾರ ಸಿಗುತ್ತವೆ. ಕುದುರೆಯ ಗೊರಸು ಆ ಅಳತೆಗಳಿಗೆ ಹುಟ್ಟಿಕೊಂಡದ್ದಲ್ಲ. ಮುಂಗಾಲಿನ ಗೊರಸು ಹೆಚ್ಚು ದುಂಡು, ಹಿಂಗಾಲಿನದು ತುದಿಯಲ್ಲಿ ಚೂಪು. ಒಂದೇ ಕುದುರೆಯ ಎಡ ಬಲ ಗೊರಸುಗಳೂ ಒಂದೇ ಅಚ್ಚಿನಲ್ಲಿರುವುದಿಲ್ಲ. ಅವಸರದವನು ಏನು ಮಾಡುತ್ತಾನೆ? ಕೈಗೆ ಸಿಕ್ಕ, ಸ್ವಲ್ಪ ಚಿಕ್ಕದಾದ ಲಾಳವನ್ನೇ ಹಾಗೇ ಹೊಡೆದು, ಹೊರಗೆ ಉಳಿದ ಗೋಡೆಯನ್ನು ರಾಸ್ಪಿನಿಂದ ಉಜ್ಜಿ ಲಾಳದ ಅಂಚಿಗೆ ಸಮ ಮಾಡುತ್ತಾನೆ. ದೂರದಿಂದ ನೋಡಿದರೆ ಅಚ್ಚುಕಟ್ಟು. ಮಾಲೀಕರಿಗೂ ಖುಷಿ.

ಆದರೆ ಉಜ್ಜಿಹೋದದ್ದು ಗೊರಸಿನ ಗಟ್ಟಿ ಹೊರಪದರ. ತೇವ ಹಿಡಿದಿಡುವುದೂ ಮೊಳೆ ಕಚ್ಚಿ ನಿಲ್ಲುವುದೂ ಆ ಗೋಡೆಯ ಬಲದಿಂದ. ಗೋಡೆ ತೆಳುವಾದ ಮೇಲೆ ಮೊಳೆ ಒಳಗಿನ ಜೀವಂತ ಭಾಗಕ್ಕೆ ಹತ್ತಿರವಾಗುತ್ತದೆ. ಬಿರುಕು ಬಿಡುತ್ತದೆ, ಲಾಳ ಸಡಿಲವಾಗಿ ಬೀಳುತ್ತದೆ, ಮುಂದಿನ ಸಲ ಮೊಳೆ ಹೊಡೆಯಲು ಗಟ್ಟಿ ಜಾಗವೇ ಸಿಗುವುದಿಲ್ಲ. ಚಿಕ್ಕ ಲಾಳ ಹಿಮ್ಮಡಿಯನ್ನು ಬಿಗಿಹಿಡಿಯುವುದರಿಂದ ಅರಳಬೇಕಾದ ಗೊರಸು ಅರಳದೆ, ಕ್ರಮೇಣ ಹಿಮ್ಮಡಿಗಳು ಒಳಕ್ಕೆ ಕುಗ್ಗುತ್ತವೆ. ಕುಗ್ಗಿದ ಹಿಮ್ಮಡಿಯನ್ನು ಮೊದಲಿನ ಅಗಲಕ್ಕೆ ತರಲು ತಿಂಗಳುಗಳೇ ಬೇಕು. ಮುಂಭಾಗದ ಗೋಡೆ ಕೂದಲಂಚಿನಿಂದ ನೆಲದವರೆಗೆ ಪೂರ್ತಿ ಹೊಸದಾಗಿ ಬೆಳೆಯಲು 9ರಿಂದ 12 ತಿಂಗಳು ಹಿಡಿಯುತ್ತದೆ ಎಂಬುದನ್ನು ನೆನೆದರೆ ಹತ್ತು ನಿಮಿಷದ ಅವಸರದ ಬೆಲೆ ಎಷ್ಟೆಂದು ಗೊತ್ತಾಗುತ್ತದೆ.

ಸರಿಯಾದ ಕ್ರಮದಲ್ಲಿ ತಿದ್ದುವುದು ಕಬ್ಬಿಣವನ್ನು. ಸಮ ಮಾಡಿದ ಗೊರಸಿನ ಮೇಲೆ ಲಾಳ ಇಟ್ಟು, ಎಲ್ಲಿ ಹೊರಗಿದೆ, ಎಲ್ಲಿ ಒಳಗಿದೆ ಎಂದು ಕಣ್ಣಲ್ಲೇ ಗುರುತು ಮಾಡಿಕೊಂಡು, ಅಡಿಗಲ್ಲಿಗೆ ಹೋಗಿ ಬಡಿದು, ಮತ್ತೆ ಬಂದು ಇಟ್ಟು ನೋಡಬೇಕು. ಐದು ಸಲವಾದರೂ ಸರಿ, ಹತ್ತು ಸಲವಾದರೂ ಸರಿ. ತುದಿಯಿಂದ ಗೊರಸಿನ ಅತಿ ಅಗಲದ ಭಾಗದವರೆಗೆ ಲಾಳದ ಅಂಚು ಗೋಡೆಯ ಅಂಚನ್ನೇ ಹಿಡಿದು ಸಾಗಬೇಕು. ಅಲ್ಲಿಂದ ಹಿಂದಕ್ಕೆ, ಗೊರಸು ಅರಳಲು ಜಾಗ ಸಿಗುವಂತೆ, ಒಂದು ನಾಣ್ಯದ ದಪ್ಪದಷ್ಟು ಹೊರಗೆ ಚಾಚಿರಬೇಕು. ಕಾಯಿಸಿದ ಲಾಳವನ್ನು ಕ್ಷಣ ಹೊತ್ತು ಒತ್ತಿದರೆ ಹೊಗೆಯೇಳುತ್ತದೆ, ಕುದುರೆಗೆ ನೋವಿಲ್ಲ. ಎಲ್ಲಿ ಕಂದು ಗುರುತು ಬಿದ್ದಿಲ್ಲವೋ ಅಲ್ಲಿ ಲಾಳ ಕೂತಿಲ್ಲ ಎಂದರ್ಥ.

ಓಟದ ಕುದುರೆಗಳ ವಿಷಯದಲ್ಲಿ ಒಂದು ವಾದವಿದೆ: ಮುಂಗಾಲಿನ ಲಾಳ ಹಿಂದೆ ಉದ್ದವಾದರೆ ಓಡುವಾಗ ಹಿಂಗಾಲು ಅದನ್ನು ತುಳಿದು ಕಿತ್ತುಹಾಕುತ್ತದೆ, ಹಾಗಾಗಿ ಗಿಡ್ಡ ಮಾಡಬೇಕು ಎಂದು. ಭಯ ಸುಳ್ಳಲ್ಲ. ಆದರೆ ಅದಕ್ಕೆ ಲಾಳದ ತುದಿಯನ್ನು ಇಳಿಜಾರಾಗಿ ಉಜ್ಜುವುದು, ಲಾಳ ಬದಲಿಸುವ ಅವಧಿ ಕಡಿಮೆ ಮಾಡುವುದು ಮದ್ದು. ಹಿಮ್ಮಡಿಗೆ ಆಸರೆಯೇ ಇಲ್ಲದಂತೆ ಕತ್ತರಿಸುವುದು ಮದ್ದಲ್ಲ.

ಮೊಳೆ, ಮತ್ತು ಆಮೇಲೆ

ಮೊಳೆಯ ಒಂದು ಮುಖ ತುದಿಯಲ್ಲಿ ಓರೆಯಾಗಿರುತ್ತದೆ. ಆ ಮುಖ ಒಳಗಡೆ, ಅಂದರೆ ಫ್ರಾಗಿನ ಕಡೆ ಇದ್ದರೆ ಮಾತ್ರ ಮೊಳೆ ಬಾಗಿ ಹೊರಗೆ ಬರುತ್ತದೆ. ತಿರುವಿ ಹಿಡಿದರೆ ನೇರ ಮಾಂಸಕ್ಕೆ. ಅಂಗಾಲಿನ ಅಂಚಿನ ಬಿಳಿ ಗೆರೆಯನ್ನು ದಾಟಿ ಒಳಗೆ ಮೊಳೆ ಇಡಬಾರದು, ಅತಿ ಅಗಲದ ಭಾಗಕ್ಕಿಂತ ಹಿಂದಕ್ಕೂ ಹೊಡೆಯಬಾರದು. ಗಟ್ಟಿ ಗೋಡೆಯಲ್ಲಿ ಸಾಗುವಾಗ ಸದ್ದು ಗಟ್ಟಿಯಾಗಿರುತ್ತದೆ. ಮೆತ್ತಗಾದರೆ ತಕ್ಷಣ ಹೊರತೆಗೆಯಬೇಕು. ಹೊರಬಂದ ತುದಿಯನ್ನು ಆ ಕ್ಷಣವೇ ಸುತ್ತಿಗೆಯ ಕೊಕ್ಕೆಯಿಂದ ತಿರುವಿ ಮುರಿಯಬೇಕು, ಕುದುರೆ ಕಾಲು ಕಿತ್ತುಕೊಂಡರೆ ಆ ತುದಿ ತೊಡೆ ಸೀಳುತ್ತದೆ. ಮೊಳೆ ಚುಚ್ಚಿ ರಕ್ತ ಬಂದರೆ ಮುಚ್ಚಿಡದೆ ಮಾಲೀಕರಿಗೂ ಪಶುವೈದ್ಯರಿಗೂ ಹೇಳಲೇಬೇಕು. ಧನುರ್ವಾಯು ಕುದುರೆಗೆ ಬಲುಬೇಗ ತಗಲುವ, ಕೊಲ್ಲುವ ರೋಗ. ಕಲಿಯುವವರೂ ಧನುರ್ವಾಯು ಚುಚ್ಚುಮದ್ದು ಹಾಕಿಸಿಕೊಂಡಿರಬೇಕು.

ಕೋರ್ಸ್ ಮುಗಿದ ಕೂಡಲೇ ಸ್ವಂತ ಕೆಲಸಕ್ಕೆ ಇಳಿಯುವುದು ಬೇಡ. ಕನಿಷ್ಠ ಒಂದೆರಡು ವರ್ಷ ಅನುಭವಿಗಳ ಜೊತೆಗಿದ್ದು, ಒಬ್ಬ ಪಶುವೈದ್ಯರ ಪರಿಚಯ ಬೆಳೆಸಿಕೊಂಡು, ರೋಗ ಹಿಡಿದ ಗೊರಸನ್ನು ಅವರ ಸಲಹೆಯಿಲ್ಲದೆ ಮುಟ್ಟದಿರುವುದು ಒಳ್ಳೆಯದು. ದರ ಊರಿಂದೂರಿಗೆ ಬೇರೆ, ಸ್ಥಳೀಯವಾಗಿ ವಿಚಾರಿಸಿಕೊಳ್ಳಬಹುದು. ಕೋರ್ಸ್ ಆರಿಸುವವರು ಹಣ ಕಟ್ಟುವ ಮೊದಲು ಒಂದು ದಿನ ಆ ಶಾಲೆಗೆ ಹೋಗಿ, ಅಲ್ಲಿನ ವಿದ್ಯಾರ್ಥಿಗಳು ಲಾಳವನ್ನು ತಿದ್ದುತ್ತಿದ್ದಾರೋ ಗೊರಸನ್ನು ಉಜ್ಜುತ್ತಿದ್ದಾರೋ ಕಣ್ಣಾರೆ ನೋಡಬೇಕು. ಹಾಗೆ ನೋಡಲು ಬಿಡದ ಶಾಲೆಗೆ ಒಂದು ರೂಪಾಯಿಯನ್ನೂ ಕಟ್ಟಬೇಡಿ.