ಪಿಂಚಣಿ ಇಲ್ಲವೆಂದು ಬಂದ ಪತ್ರ

ಸೈನ್ಯದಲ್ಲಿದ್ದಾಗ ನಾನು ಗುಂಡು ಹಾರಿಸಿದ್ದಕ್ಕಿಂತ ಟೈಪ್ ಹೊಡೆದದ್ದೇ ಹೆಚ್ಚು. ಕ್ಲರ್ಕ್ ಆಗಿ ಭರ್ತಿಯಾಗಿ, ಸುಬೇದಾರ್ ಆಗಿ ಪೆನ್ಶನ್ ಬಂದವನು. ಹೀಗಾಗಿ ಡಿಸಬಿಲಿಟಿ ಪೆನ್ಶನ್ ಕೇಳಿದ ಜವಾನನ ಮನೆಗೆ ರೆಕಾರ್ಡ್ಸ್ ಆಫೀಸಿನಿಂದ ಹೋಗುವ ಪತ್ರದ ಒಕ್ಕಣೆ ನನಗೆ ಬಾಯಿಪಾಠ. ನಿಮ್ಮ ಕಾಯಿಲೆ ಸೇವೆಯಿಂದ ಬಂದದ್ದೂ ಅಲ್ಲ, ಸೇವೆಯಿಂದ ಹೆಚ್ಚಾದದ್ದೂ ಅಲ್ಲ. ಆದ್ದರಿಂದ ಪಿಂಚಣಿ ನಿರಾಕರಿಸಲಾಗಿದೆ. ಒಪ್ಪಿಗೆ ಇಲ್ಲದಿದ್ದರೆ ಆರು ತಿಂಗಳೊಳಗೆ ಮೇಲ್ಮನವಿ ಸಲ್ಲಿಸಬಹುದು. ಇಂಗ್ಲಿಷಿನಲ್ಲೋ ಹಿಂದಿಯಲ್ಲೋ ಇರುವ ಈ ಪತ್ರವನ್ನು ನಮ್ಮ ಬೆಳಗಾವಿ ಕಡೆಯ ಹಳ್ಳಿಗಳಲ್ಲಿ ಯಾರ ಕೈಲೋ ಓದಿಸುತ್ತಾರೆ. ಓದಿದವನು "ಆಗಂಗಿಲ್ಲಂತ ಬರದಾರ" ಎಂದು ಮಡಚಿ ಕೊಡುತ್ತಾನೆ. ಕೊನೆಯ ಸಾಲನ್ನು ಹೇಳುವುದಿಲ್ಲ. ಪತ್ರ ಟ್ರಂಕು ಸೇರುತ್ತದೆ.

ಊರಿಗೆ ಬಂದ ಮೇಲೆ ಮಾಜಿ ಸೈನಿಕರ ಸಂಘದ ಕೋಣೆಯಲ್ಲಿ ಕೂತು ಇಂಥ ಪತ್ರಗಳನ್ನು ಓದಿ ಹೇಳುವುದೇ ನನ್ನ ಕೆಲಸವಾಯಿತು. ನಾನು ವಕೀಲನಲ್ಲ. ವಕೀಲರ ಬಾಗಿಲಿಗೆ ಹೋಗುವ ಮುಂಚೆ ಆಗಬೇಕಾದದ್ದು ನನ್ನ ಪಾಲಿನದು. ಹಲವರ ಕಾಗದ ನೋಡಿದ್ದೇನೆ. ಆದರೆ ಈ ವಿಷಯದ ಆಳ ಅಗಲ ತಿಳಿದದ್ದು ಒಬ್ಬ ಹೆಣ್ಣುಮಗಳು ಹಿಡಿದು ತಂದ ಕಾಗದಗಳಿಂದ.

ಅವಳ ಗಂಡ ಸಿಪಾಯಿ. ತೊಂಬತ್ತರ ದಶಕದ ಕೊನೆಯಲ್ಲಿ, ಸೇವೆಗೆ ಹತ್ತು ವರ್ಷ ತುಂಬುವ ಮೊದಲೇ, ಮಾನಸಿಕ ಕಾಯಿಲೆ ಎಂದು ಬೋರ್ಡ್ ಔಟ್ ಮಾಡಿ, ಅಂದರೆ ಮೆಡಿಕಲ್ ಬೋರ್ಡಿನ ಮೂಲಕ ಸೇವೆಗೆ ಅನರ್ಹನೆಂದು ಹೇಳಿ, ಕಳಿಸಿದ್ದರು. ಜವಾನನಿಗೆ ಸಾಮಾನ್ಯ ಪಿಂಚಣಿ ಸಿಗಲು 15 ವರ್ಷದ ಸೇವೆ ಬೇಕು. ಹತ್ತೂ ಆಗದವನಿಗೆ ಕೈಗೆ ಬಂದದ್ದು ಒಂದಿಷ್ಟು ಗ್ರ್ಯಾಚುಯಿಟಿ ಮಾತ್ರ. ಪಿಂಚಣಿ ಇಲ್ಲದ್ದರಿಂದ ಮಾಜಿ ಸೈನಿಕರ ಆರೋಗ್ಯ ಯೋಜನೆಯಾದ ಇಸಿಎಚ್‌ಎಸ್ ಕಾರ್ಡೂ ಇಲ್ಲ. ಧಾರವಾಡದ ಮಾನಸಿಕ ಆಸ್ಪತ್ರೆ ಡಿಮ್ಹಾನ್ಸ್‌ಗೆ ಕರೆದೊಯ್ದು ಮಾತ್ರೆ ತರುತ್ತಿದ್ದಳು. ಮಾತ್ರೆ ತಪ್ಪದಿದ್ದರೆ ಮನುಷ್ಯ ಹೊಲಕ್ಕೆ ಹೋಗಿ ಬರುವಷ್ಟು, ಕಾಗದಕ್ಕೆ ಸಹಿ ಹಾಕುವಷ್ಟು ನೆಟ್ಟಗಿರುತ್ತಿದ್ದ. ಇಪ್ಪತ್ತು ವರ್ಷ ಹೀಗೇ ಕಳೆದಿತ್ತು.

"ಇಷ್ಟು ದಿನ ಯಾಕ ಸುಮ್ಮನಿದ್ದಿ ತಂಗಿ?" ಎಂದು ಕೇಳಿದೆ.

"ಮಗಳ ಮದುವಿ ಆಗಬೇಕಿತ್ರಿ ಸಾಹೇಬ್ರ. ಕೋರ್ಟಿಗೆ ಹೋದ್ರ ಅಪ್ಪಗ ತಲಿ ಸರಿ ಇಲ್ಲಂತ ಊರಿಗೆಲ್ಲಾ ಗೊತ್ತಾಗತಿತ್ತು."

ಈ ಉತ್ತರಕ್ಕೆ ಕಾನೂನಿನ ಪುಸ್ತಕದಲ್ಲಿ ಮದ್ದಿಲ್ಲ. ಕಾಲು ಹೋದವನ ಅರ್ಜಿಗಿಂತ ತಲೆ ಕೆಟ್ಟವನ ಅರ್ಜಿ ತಡವಾಗಿ ಬರುವುದಕ್ಕೆ ಕಾರಣ ಸರ್ಕಾರವೊಂದೇ ಅಲ್ಲ, ನಾವೂ ಹೌದು. ಮಗಳು ಗಂಡನ ಮನೆ ಸೇರಿದ ಮೇಲೆ ತಾಯಿ ಟ್ರಂಕು ತೆಗೆದಿದ್ದಳು.

ಆಕೆ ಅಷ್ಟರಲ್ಲೇ ಒಬ್ಬ ವಕೀಲರಿಗೆ ದುಡ್ಡು ಕೊಟ್ಟು ಬಂದಿದ್ದಳು. ಅವರು ಸಿವಿಲ್ ದಾವೆ ಹೂಡುವ ತಯಾರಿಯಲ್ಲಿದ್ದರು. ಸಶಸ್ತ್ರ ಪಡೆಗಳ ನ್ಯಾಯಮಂಡಳಿ (ಎಎಫ್‌ಟಿ) ಕಾಯ್ದೆ ಬಂದದ್ದು 2007ರಲ್ಲಿ, ಮಂಡಳಿ ಕೆಲಸ ಶುರು ಮಾಡಿದ್ದು 2009ರ ಆಗಸ್ಟ್‌ನಲ್ಲಿ. ಆಮೇಲೆ ಇಂಥ ಸೇವಾ ವ್ಯಾಜ್ಯ ಸಿವಿಲ್ ಕೋರ್ಟಿನ ಕೈಯಲ್ಲಿಲ್ಲ. ಜಮೀನಿನ ವ್ಯಾಜ್ಯದಲ್ಲಿ ಹುಲಿಯಂಥ ವಕೀಲರಿರಬಹುದು. ಫೌಜಿನ ಕಾಗದ ಅವರಿಗೆ ಹೊಸ ಲಿಪಿ. ವಕೀಲರನ್ನು ಕೇಳಬೇಕಾದ ಮೊದಲ ಪ್ರಶ್ನೆ ಫೀ ಎಷ್ಟು ಎಂಬುದಲ್ಲ, ಎಎಫ್‌ಟಿಯಲ್ಲಿ ಎಷ್ಟು ಕೇಸು ನಡೆಸಿದ್ದೀರಿ ಎಂಬುದು.

ನಾವು ಮಾಡಿದ ಮೊದಲ ಕೆಲಸ ಕೇಸು ಹಾಕುವುದಾಗಿರಲಿಲ್ಲ. ಹತ್ತು ರೂಪಾಯಿಯ ಪೋಸ್ಟಲ್ ಆರ್ಡರ್ ಹಚ್ಚಿ, ಗಂಡನ ಸಹಿ ಹಾಕಿಸಿ, ಮಾಹಿತಿ ಹಕ್ಕಿನಡಿ ರೆಕಾರ್ಡ್ಸ್‌ಗೆ ಅರ್ಜಿ ಕಳಿಸಿದೆವು. ಭರ್ತಿಯಾದಾಗಿನ ವೈದ್ಯಕೀಯ ತಪಾಸಣೆಯ ನಮೂನೆ, ಮೆಡಿಕಲ್ ಬೋರ್ಡಿನ ಪೂರ್ತಿ ನಡಾವಳಿ, ಕಮಾಂಡಿಂಗ್ ಆಫೀಸರ್ ಬರೆದ ವರದಿ, ಎಲ್ಲೆಲ್ಲಿ ಪೋಸ್ಟಿಂಗ್ ಇತ್ತೆಂಬ ವಿವರ, ನಿರಾಕರಣೆಯ ಆದೇಶ. ಇದರಲ್ಲಿ ಅವಸರ ಇತ್ತು. ಪಿಂಚಣಿ ಇಲ್ಲದೆ ಹೊರಬಂದವರ ಸೇವಾ ದಾಖಲೆಗಳನ್ನು 25 ವರ್ಷ ಇಟ್ಟುಕೊಂಡು ಆಮೇಲೆ ನಾಶ ಮಾಡುತ್ತಾರೆ. ಅಂದರೆ ಯಾರಿಗೆ ಕಾಗದ ಎಲ್ಲರಿಗಿಂತ ಹೆಚ್ಚು ಬೇಕೋ ಅವರ ಕಾಗದವೇ ಮೊದಲು ಹೋಗುತ್ತದೆ. ಇವನ ಕಡತ ಇನ್ನೂ ಉಳಿದಿತ್ತು.

ಕಾಗದ ಬಂದಾಗ ಅದನ್ನು ಓದುತ್ತಾ ನನಗೆ ನಗುವೂ ಬಂತು, ಸಿಟ್ಟೂ ಬಂತು. ಮೆಡಿಕಲ್ ಬೋರ್ಡಿನ ನಮೂನೆಯಲ್ಲಿ ಒಂದು ಪ್ರಶ್ನೆ ಇರುತ್ತದೆ: ಸೇವೆಗೆ ಸೇರುವ ಮೊದಲು ಈ ಕಾಯಿಲೆ ಇತ್ತೇ? ಡಾಕ್ಟರುಗಳು 'ಇಲ್ಲ' ಎಂದು ಬರೆದಿದ್ದರು. ಅದರ ಕೆಳಗೇ, ಸೇವೆಗೂ ಕಾಯಿಲೆಗೂ ಸಂಬಂಧವಿಲ್ಲ, ಇದು ಹುಟ್ಟಿನ ಜಾಯಮಾನದ ರೋಗ ಎಂದು ಒಂದು ಸಾಲು. ಯಾಕೆ, ಹೇಗೆ ಎಂಬುದಕ್ಕೆ ಮತ್ತೊಂದು ಸಾಲಿಲ್ಲ. ಮಾನಸಿಕ ಕಾಯಿಲೆಯ ಸಂದರ್ಭದಲ್ಲಿ ಯೂನಿಟ್‌ನಿಂದ ತರಿಸುವ ಎಎಫ್‌ಎಂಎಸ್‌ಎಫ್-10 ಎಂಬ ವರದಿಯಲ್ಲಿ ಅವನ ಕಮಾಂಡಿಂಗ್ ಆಫೀಸರ್, ಮೊದಲು ಚುರುಕಾಗಿದ್ದ ಹುಡುಗ, ಕಾಶ್ಮೀರದ ಪೋಸ್ಟಿಂಗ್ ನಡುವೆ ಬದಲಾದ ಎಂಬ ಅರ್ಥದ ಮಾತು ಬರೆದಿದ್ದರು. ಬೋರ್ಡ್ ಕೂತದ್ದು ಕಾರ್ಯಾಚರಣೆಯಿಲ್ಲದ ಪೀಸ್ ಏರಿಯಾದ ಆಸ್ಪತ್ರೆಯಲ್ಲಿ. ಅಷ್ಟಕ್ಕೇ ಒತ್ತಡವಿರಲಿಲ್ಲ ಎಂದು ತೀರ್ಮಾನ.

ಫೌಜಿನಲ್ಲಿ ಇದನ್ನು 'ನಾನಾ' ಹಾಕುವುದು ಎನ್ನುತ್ತೇವೆ. ನೈದರ್ ಆಟ್ರಿಬ್ಯೂಟಬಲ್ ನಾರ್ ಅಗ್ರಾವೇಟೆಡ್ ಎಂಬುದರ ಮೊಟಕು. ಜವಾನ ಇದನ್ನು ನೋಡಿ, ಡ್ಯೂಟಿಯಿಂದಲೇ ನನಗೆ ಹೀಗಾಯಿತು ಎಂದು ತಾನು ಸಾಬೀತು ಮಾಡಬೇಕೇನೋ ಎಂದು ಕೈಚೆಲ್ಲುತ್ತಾನೆ. ನಿಯಮ ಇರುವುದು ತಿರುಗುಮುರುಗಾಗಿ. 1982ರ ಎಂಟೈಟಲ್‌ಮೆಂಟ್ ನಿಯಮಗಳ ಪ್ರಕಾರ ಭರ್ತಿಯ ವೇಳೆ ಕಾಯಿಲೆಯ ಟಿಪ್ಪಣಿ ಇಲ್ಲದಿದ್ದರೆ ಮನುಷ್ಯ ಗಟ್ಟಿಯಾಗಿದ್ದ ಎಂದೇ ಹಿಡಿಯಬೇಕು. ಆಮೇಲೆ ಕಾಯಿಲೆಯಿಂದ ಹೊರಹಾಕಿದರೆ ಅದು ಸೇವೆಯಿಂದ ಆದದ್ದೆಂದು ಭಾವಿಸಬೇಕು. ಸಾಬೀತಿನ ಹೊರೆ ಜವಾನನದಲ್ಲ. ಸಂಶಯ ಉಳಿದರೆ ಅದರ ಲಾಭ ಅವನಿಗೆ. ಭರ್ತಿಯ ತಪಾಸಣೆಯಲ್ಲಿ ಪತ್ತೆಯಾಗದಂಥ ಕಾಯಿಲೆ ಎಂದು ಬೋರ್ಡ್ ಹೇಳಬಹುದು, ಆದರೆ ಕಾರಣ ಬರೆಯಬೇಕು. ಈ ಮಾತುಗಳನ್ನೆಲ್ಲ ಒಂದೆಡೆ ಪೋಣಿಸಿ ಸುಪ್ರೀಂ ಕೋರ್ಟ್ 2013ರ ಜುಲೈನಲ್ಲಿ ಧರಮ್‌ವೀರ್ ಸಿಂಗ್ ಪ್ರಕರಣದ ತೀರ್ಪು ಕೊಟ್ಟಿತು. ಧರಮ್‌ವೀರ್ ಕೂಡ ಸಿಪಾಯಿ, ಸಿಗ್ನಲ್ಸ್‌ನವನು. ಸುಮಾರು ಒಂಬತ್ತು ವರ್ಷದ ಸೇವೆ, ಮೂರ್ಛೆರೋಗ, ಶೇ 20ರ ಅಂಗವೈಕಲ್ಯ, ಪಿಂಚಣಿ ಇಲ್ಲ. ಕಾರಣ ಬರೆಯದ ಬೋರ್ಡಿನ ಅಭಿಪ್ರಾಯವನ್ನು ಕೋರ್ಟ್ ಒಪ್ಪಲಿಲ್ಲ. ಇವತ್ತು ದೇಶದ ಯಾವ ಎಎಫ್‌ಟಿ ಪೀಠದಲ್ಲಿ ಕೂತರೂ ಈ ಹೆಸರು ಕಿವಿಗೆ ಬಿದ್ದೇ ಬೀಳುತ್ತದೆ.

ಇಲ್ಲೊಂದು ಎಚ್ಚರ. 2008ರಲ್ಲಿ ಹೊಸ ನಿಯಮ ಬಂತು, 2023ರ ಸೆಪ್ಟೆಂಬರ್ 21ರಿಂದ ಮತ್ತೊಂದು. ಹೊಸದರಲ್ಲಿ ಜವಾನನ ಪರವಾಗಿ ಭಾವಿಸಬೇಕೆಂಬ ಮಾತುಗಳನ್ನು ಬಿಗಿ ಮಾಡಿದ್ದಾರೆ. ಹೊರಬಂದ ದಿನಾಂಕ ಯಾವುದು ಎನ್ನುವುದರ ಮೇಲೆ ಯಾವ ನಿಯಮ ಎಂಬುದು ನಿಂತಿದೆ. ಗೆಳೆಯನ ಕೇಸಿನ ಅರ್ಜಿಯನ್ನೇ ಹೆಸರು ಬದಲಿಸಿ ಹಾಕುವವರು ಇದನ್ನು ಮರೆಯುತ್ತಾರೆ.

ಪೆಟ್ಟು ಬಿದ್ದವರ ಕೇಸು ಬೇರೆ ಥರದ್ದು. ಅಲ್ಲಿ ಕೇಳುವುದು ಐಎಎಫ್‌ವೈ-2006 ಎಂಬ ಗಾಯದ ವರದಿ ಮತ್ತು ಕೋರ್ಟ್ ಆಫ್ ಎಂಕ್ವೈರಿ. ಸೇವೆಯಲ್ಲಿರುವ ಹುಡುಗರು ರಜೆಗೆ ಬಂದಾಗ ನಾನು ಹೇಳುವುದಿಷ್ಟೇ: ಆಟದ ಮೈದಾನದಲ್ಲಿ ಮೊಣಕಾಲು ತಿರುಚಿದರೂ ಆ ಫಾರ್ಮು ಮಾಡಿಸಿಕೊಳ್ಳಿ, ಒಂದು ನಕಲು ಮನೆಗೆ ಕಳಿಸಿ.

ಮೇಲ್ಮನವಿಯ ಮೆಟ್ಟಿಲುಗಳನ್ನು ಬಿಟ್ಟು ಜಿಗಿಯುವಂತಿಲ್ಲ. ಇಲಾಖೆಯೊಳಗೇ ಮೊದಲ ಮೇಲ್ಮನವಿ, ಎರಡನೆಯದು, ಆಮೇಲೆ ಎಎಫ್‌ಟಿ. ಕೊನೆಯ ಆದೇಶದಿಂದ ಆರು ತಿಂಗಳ ಗಡುವು. ಗಡುವು ಮೀರಿದವರು ಹೆದರಬೇಕಿಲ್ಲ. ಪಿಂಚಣಿ ತಪ್ಪಿದ್ದು ತಿಂಗಳು ತಿಂಗಳೂ ಮುಂದುವರಿಯುವ ಅನ್ಯಾಯ ಎಂದು 2008ರ ತರ್ಸೇಮ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಆದರೆ ಅದೇ ತೀರ್ಪಿನಲ್ಲಿ ಬಾಕಿಯನ್ನು ಅರ್ಜಿ ಹಾಕಿದ ದಿನಕ್ಕಿಂತ ಹಿಂದಿನ ಮೂರು ವರ್ಷಕ್ಕೆ ಕಟ್ಟಿಹಾಕಿದೆ. ಬಾಗಿಲು ತೆರೆದೇ ಇರುತ್ತದೆ, ಹಿಂದಿನ ದುಡ್ಡು ಮಾತ್ರ ಹೋಗಿರುತ್ತದೆ. ಮಗಳ ಮದುವೆಗೆಂದು ಕಾದ ಆ ಮನೆಗೆ ಈ ಲೆಕ್ಕ ಬಿಡಿಸಿ ಹೇಳುವುದು ನನಗೆ ಬಲು ಕಷ್ಟವಾಯಿತು.

ಬೆಂಗಳೂರಿನಲ್ಲಿ ಮದ್ರಾಸ್ ಸ್ಯಾಪರ್ಸ್, ಎಎಸ್‌ಸಿ, ಪ್ಯಾರಾ. ಬೆಳಗಾವಿಯಲ್ಲಿ ಮರಾಠಾ ಲೈಟ್ ಇನ್‌ಫೆಂಟ್ರಿ. ಇಷ್ಟೆಲ್ಲ ಸೈನ್ಯದ ಕೇಂದ್ರಗಳಿರುವ ಕರ್ನಾಟಕದ ವ್ಯಾಜ್ಯ ಕೇಳುವ ಎಎಫ್‌ಟಿ ಪೀಠ ಇರುವುದು ಕೊಚ್ಚಿಯಲ್ಲಿ. ಬೆಳಗಾವಿಯಿಂದ ಕೊಚ್ಚಿಗೆ ರೋಗಿಯನ್ನು ಕರೆದುಕೊಂಡು ಹೋಗುವುದೆಂದರೆ ಏನೆಂದು ಕೇಳಬೇಡಿ. ಪುಣ್ಯಕ್ಕೆ ಪ್ರತಿ ತಾರೀಖಿಗೂ ಕಕ್ಷಿದಾರ ಹೋಗಬೇಕಿಲ್ಲ, ವಕೀಲರು ಸಾಕು. ನಮಗೆ ಸಿಕ್ಕ ವಕೀಲರು ಅಲ್ಲಿಯವರೇ, ಮಲಯಾಳಿ. ನಾನು ಕಾಗದಗಳಿಂದ ತಾರೀಖುಗಳನ್ನು ಹೆಕ್ಕಿ ಒಂದೇ ಹಾಳೆಯ ಪಟ್ಟಿ ಮಾಡಿ ಕೊಟ್ಟಿದ್ದೆ: ಭರ್ತಿ, ತಪಾಸಣೆ, ಪೋಸ್ಟಿಂಗ್, ಮೊದಲ ಸಲ ಆಸ್ಪತ್ರೆ, ಬೋರ್ಡ್, ನಿರಾಕರಣೆ. ನಿಮ್ಮ ಇಡೀ ಕಡತಕ್ಕಿಂತ ಈ ಹಾಳೆ ನನಗೆ ಹೆಚ್ಚು ಕೆಲಸಕ್ಕೆ ಬಂತು ಎಂದು ಆಮೇಲೆ ಅವರು ಹೇಳಿದರು. ಪೀಠದಲ್ಲಿ ಒಬ್ಬರು ನ್ಯಾಯಾಂಗದವರು, ಇನ್ನೊಬ್ಬರು ಸೈನ್ಯದ ಹಿರಿಯ ಅಧಿಕಾರಿಯಾಗಿದ್ದವರು. ಕಾಶ್ಮೀರದ ಪೋಸ್ಟಿನಲ್ಲಿ ರಾತ್ರಿ ಡ್ಯೂಟಿ ಎಂದರೇನು ಎಂದು ಆ ಎರಡನೆಯವರಿಗೆ ವಿವರಿಸಬೇಕಾಗಿರಲಿಲ್ಲ.

ಆದೇಶ ಅವಳ ಗಂಡನ ಪರವಾಗಿ ಬಂತು. ಶೇ 30 ಎಂದು ಬೋರ್ಡ್ ಅಳೆದದ್ದನ್ನು ಶೇ 50ಕ್ಕೆ ಏರಿಸಿ ಕೊಡಬೇಕೆಂದೂ ಅದರಲ್ಲಿತ್ತು. 50ಕ್ಕಿಂತ ಕಡಿಮೆ ಇದ್ದರೆ 50, 50ರಿಂದ 75ರವರೆಗೆ 75, ಅದನ್ನೂ ದಾಟಿದರೆ 100 ಎಂದು ಎಣಿಸುವ ಪದ್ಧತಿ ಇದು. ಬೋರ್ಡ್ ಔಟ್ ಆದವರಿಗಷ್ಟೇ ಎಂದು ಸರ್ಕಾರ ಹೇಳುತ್ತಿದ್ದುದನ್ನು, ಅವಧಿ ಮುಗಿಸಿ ನಿವೃತ್ತರಾದವರಿಗೂ 2014ರ ಡಿಸೆಂಬರ್‌ನಲ್ಲಿ ರಾಮ್ ಅವತಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ವಿಸ್ತರಿಸಿತು. ನೂರಕ್ಕೆ ನೂರು ಅಂಗವೈಕಲ್ಯಕ್ಕೆ ಕಡೆಯ ಸಂಬಳದ ಶೇ 30 ಡಿಸಬಿಲಿಟಿ ಅಂಶ. 50ಕ್ಕೆ ಅದರ ಅರ್ಧ. ಇವನಂಥವರಿಗೆ ಅದರ ಜೊತೆ ಸರ್ವಿಸ್ ಅಂಶವೂ ಸೇರುತ್ತದೆ, ಮನೆ ನಡೆಯುವುದು ಅದರಿಂದಲೇ.

ಗೆದ್ದ ಮೇಲೂ ದುಡ್ಡು ತಾನಾಗಿ ನಡೆದುಕೊಂಡು ಬರಲಿಲ್ಲ. ಆದೇಶ ಜಾರಿಗೆಂದು ಮತ್ತೊಂದು ಅರ್ಜಿ ಹಾಕಬೇಕಾಯಿತು. ವಕೀಲರ ಜೊತೆ ಮೊದಲೇ ಮಾತಾಡಿಕೊಳ್ಳಿ: ಫೀಯಲ್ಲಿ ಜಾರಿ ಅರ್ಜಿಯೂ ಸೇರಿದೆಯೇ? ಸರ್ಕಾರ ಮೇಲೆ ಹೋದರೆ ಏನು? 2023ರಲ್ಲಿ ಎಎಫ್‌ಟಿ ಆದೇಶಗಳ ವಿರುದ್ಧ ಹೈಕೋರ್ಟಿಗೆ ಹೋಗಬಹುದೆಂದು ಸುಪ್ರೀಂ ಕೋರ್ಟ್ ಹೇಳಿದ ಮೇಲೆ ಸರ್ಕಾರ ಆ ದಾರಿಯನ್ನು ಚೆನ್ನಾಗಿಯೇ ಬಳಸಿಕೊಂಡಿದೆ.

ಇನ್ನು ಏಜೆಂಟರು. ಬಾಕಿ ಬಂದರೆ ಅದರಲ್ಲಿ ಇಷ್ಟು ಪಾಲು ನನಗೆ, ಬರದಿದ್ದರೆ ಬೇಡ ಎನ್ನುವವರು ಸಂಘದ ಬಾಗಿಲಿಗೇ ಬರುತ್ತಾರೆ. ಬಡವರಿಗೆ ಇದು ಧರ್ಮದ ಮಾತಿನಂತೆ ಕೇಳಿಸುತ್ತದೆ. ಫಲಿತಾಂಶದ ಮೇಲೆ ಫೀ ಕಟ್ಟುವುದನ್ನೂ ಬಂದ ಹಣದಲ್ಲಿ ಪಾಲು ಕೇಳುವುದನ್ನೂ ಬಾರ್ ಕೌನ್ಸಿಲ್ ನಿಯಮವೇ ವಕೀಲರಿಗೆ ನಿಷೇಧಿಸಿದೆ. ಏಜೆಂಟ್ ವಕೀಲನೇ ಅಲ್ಲವಾದ್ದರಿಂದ ಅವನಿಗೆ ಯಾವ ನಿಯಮವೂ ಇಲ್ಲ; ಅಷ್ಟರಿಂದಲೇ ಅವನನ್ನು ಅಳೆಯಬಹುದು.

ದುಡ್ಡಿಲ್ಲದವರಿಗೆ ದಾರಿ ಇದೆ, ಅದು ಭಿಕ್ಷೆಯೂ ಅಲ್ಲ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ 12ನೇ ಕಲಮಿನಲ್ಲಿ ಉಚಿತ ನೆರವಿಗೆ ಅರ್ಹರಾದವರ ಪಟ್ಟಿಯಿದೆ. ಮಹಿಳೆಯರು ಅದರಲ್ಲಿದ್ದಾರೆ, ಅಂಗವಿಕಲರಿದ್ದಾರೆ. ಮಾನಸಿಕ ಕಾಯಿಲೆಯವರೂ ಬರುತ್ತಾರೆ. 2025ರ ಜುಲೈ 26ರಂದು, ಕಾರ್ಗಿಲ್ ವಿಜಯ ದಿನ, ರಾಷ್ಟ್ರೀಯ ಕಾನೂನು ಸೇವೆಗಳ ಪ್ರಾಧಿಕಾರ ಸೈನಿಕರ ಕುಟುಂಬಗಳಿಗೆಂದೇ ವೀರ ಪರಿವಾರ ಸಹಾಯತಾ ಯೋಜನೆಯನ್ನು ಆರಂಭಿಸಿ, ಸೈನಿಕ ಮಂಡಳಿಗಳಲ್ಲೇ ಕಾನೂನು ನೆರವಿನ ಕೇಂದ್ರ ತೆರೆಯುವುದಾಗಿ ಹೇಳಿತು. ಕಾಗದ ಹಿಡಿದು ಬಂದ ಆ ಹೆಣ್ಣುಮಗಳ ಕಾಲಕ್ಕೆ ಅದಿರಲಿಲ್ಲ.

ಇನ್ನೊಂದು ಮಗ್ಗುಲನ್ನೂ ಹೇಳಬೇಕು. ನಿವೃತ್ತಿಯ ಹೊತ್ತಿಗೆ ಬಿಪಿ, ಸಕ್ಕರೆ ತೋರಿಸಿ ಪಿಂಚಣಿ ಏರಿಸಿಕೊಳ್ಳುವವರಿದ್ದಾರೆ ಎಂಬ ದೂರು ಹುಸಿಯಲ್ಲ. ಅಂಗವೈಕಲ್ಯದೊಂದಿಗೆ ನಿವೃತ್ತರಾಗುವವರ ಪ್ರಮಾಣ ಜವಾನರಿಗಿಂತ ಅಧಿಕಾರಿಗಳಲ್ಲಿ ಹೆಚ್ಚು ಎಂದು ಸಿಎಜಿ ವರದಿಯೇ ಗುರುತಿಸಿದೆ. ಆದರೆ ಆ ಅನುಮಾನದ ಬಿಸಿ ತಟ್ಟುವುದು ಯಾರಿಗೆ? ಇಂಗ್ಲಿಷಿನಲ್ಲಿ ಮೇಲ್ಮನವಿ ಬರೆಯಬಲ್ಲ ಕರ್ನಲ್‌ಗಲ್ಲ. ಒಂಬತ್ತು ವರ್ಷಕ್ಕೇ ಮನೆಗೆ ಬಂದ ಸಿಪಾಯಿಗೆ. ನಿಯಮ ಬಿಗಿ ಮಾಡುವವರು ಇದನ್ನು ಯೋಚಿಸಿದಂತೆ ನನಗೆ ಕಾಣುವುದಿಲ್ಲ.

ನಿಮ್ಮೂರಿನಲ್ಲಿ ಅರ್ಧ ಸೇವೆಯಲ್ಲೇ ಬಂದ ಫೌಜಿ ಇರಬಹುದು, ಅಥವಾ ಅಂಥವನ ವಿಧವೆ. ಟ್ರಂಕಿನಲ್ಲಿ ಕಾಗದ ಇದೆಯೇ ಎಂದು ಕೇಳಿ. ಇದ್ದರೆ ಕೊನೆಯ ಸಾಲಿನವರೆಗೂ ಓದಿ ಹೇಳಿ, ಹೊರಬಂದ ವರ್ಷ ನೋಡಿ. 25 ತುಂಬುವುದರೊಳಗೆ ದಾಖಲೆ ತರಿಸಿ. ಜಿಲ್ಲೆಯ ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆಯ ಕಚೇರಿಗೋ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರಕ್ಕೋ ಅವರನ್ನು ನೀವೇ ಕರೆದುಕೊಂಡು ಹೋಗಿ. ಕಾನೂನು ನೆರವಿನ ಉಚಿತ ದೂರವಾಣಿ ಸಂಖ್ಯೆ 15100.