ಪರದೆಯ ಹಿಂದಿನ ಅಂಗಡಿಯಲ್ಲಿ ಊಟ ಕೇಳುವ ಬಗೆ

ಡೆಂಕಣಿಕೋಟೆಯ ಮುದ್ದೆ ಹೋಟೆಲಿನಲ್ಲಿ ನಮ್ಮ ಹುಡುಗರು ನಾಚುವುದಿಲ್ಲ. “ಇನ್ನೊಂದು ಮುದ್ದೆ ಹಾಕಣ್ಣ, ಸಾರು ಬಿಡಣ್ಣ” ಎಂದು ಗಟ್ಟಿಯಾಗಿ ಕೇಳುತ್ತಾರೆ. ಬಡಿಸುವವನು ತೆಲುಗಿನವನಾದರೆ ತೆಲುಗಿನಲ್ಲಿ, ತಮಿಳಿನವನಾದರೆ ತಮಿಳಿನಲ್ಲಿ ಕೇಳುವುದಕ್ಕೂ ಹಿಂಜರಿಯರು. ಅದೇ ಹುಡುಗರನ್ನು ಬೆಂಗಳೂರಿನ ಹೋಟೆಲಿನಲ್ಲಿ ಕೂರಿಸಿ ತಿಂಡಿಯ ಪಟ್ಟಿಯನ್ನು ಕೈಗೆ ಕೊಟ್ಟರೆ ಬಾಯಿ ಕಟ್ಟಿಹೋಗುತ್ತದೆ. ಪಕ್ಕದವನು ಹೇಳಿದ್ದೇ ತನಗೂ ಇರಲಿ ಎನ್ನುತ್ತಾರೆ. ಈ ಸಂಕೋಚ ಉಪಾಧ್ಯಾಯರಾದ ನಮ್ಮಲ್ಲಿಯೂ ಉಂಟೆಂಬುದು ಕಳೆದ ಬೇಸಿಗೆ ರಜೆಯಲ್ಲಿ ತಿಳಿಯಿತು.

ಹೊಸೂರಿನ ಕಾರ್ಖಾನೆಯೊಂದರಲ್ಲಿ ಕೆಲಸದಲ್ಲಿರುವ ಹಳೆಯ ವಿದ್ಯಾರ್ಥಿಯೊಬ್ಬನು ತರಬೇತಿಗಾಗಿ ಜಪಾನಿಗೆ ಹೊರಟಿದ್ದನು. ಹೊಸೂರಿಗೂ ಜಪಾನಿಗೂ ನಂಟು ಹೊಸದಲ್ಲ, ಟಿ.ವಿ.ಎಸ್. ಸಂಸ್ಥೆಯು ಸುಜುಕಿಯವರೊಡನೆ ಕೂಡಿ 1980ರ ದಶಕದಿಂದ 2001ರವರೆಗೆ ಅಲ್ಲಿ ಮೋಟಾರ್ ಸೈಕಲ್ಲುಗಳನ್ನು ತಯಾರಿಸುತ್ತಿತ್ತು. “ಸಾರ್, ಅಲ್ಲಿಯ ಊಟ ಹೇಗಿರುತ್ತದೋ, ಬೆಂಗಳೂರಿನಲ್ಲಿ ಒಮ್ಮೆ ನೋಡಿಬಿಡೋಣ ಬನ್ನಿ” ಎಂದು ಅವನು ಕರೆದನು. ಗಣಿತದ ಮೇಷ್ಟರನ್ನೂ ಜೊತೆಗೂಡಿಸಿಕೊಂಡು ಹೊರಟೆವು. ಮೇಷ್ಟರು ಸಸ್ಯಾಹಾರಿಗಳು.

ಅಂಗಡಿಯನ್ನು ಹುಡುಕುವುದಕ್ಕೇ ಅರ್ಧ ಗಂಟೆ ಹಿಡಿಯಿತು. ಕಟ್ಟಡದ ಹಿಂಬದಿಯಲ್ಲಿ, ಕಣ್ಣಿಗೆ ಬೀಳುವಂತಹ ಹಲಗೆಯೊಂದೂ ಇಲ್ಲದೆ, ಬಾಗಿಲಿಗೆ ನೀಲಿ ಬಟ್ಟೆಯ ಸೀಳು ಪರದೆಯೊಂದು ತೂಗಿತ್ತು. ಇದಕ್ಕೆ ‘ನೋರೆನ್’ ಎಂದು ಹೆಸರು. ಜಪಾನಿನಲ್ಲಿ ಪರದೆ ಹೊರಗೆ ತೂಗುತ್ತಿದ್ದರೆ ವ್ಯಾಪಾರ ನಡೆಯುತ್ತಿದೆ ಎಂದೂ, ಒಳಗೆ ತೆಗೆದಿಟ್ಟರೆ ಮುಚ್ಚಿದೆ ಎಂದೂ ಅರ್ಥ. ಅಲ್ಲಿ ಓಣಿಗಳೊಳಗೆ ಎಂಟು ಹತ್ತು ಜನ ಮಾತ್ರ ಕೂರಬಹುದಾದ ಇಂತಹ ಅಂಗಡಿಗಳು ಬಹಳ. ಅಡುಗೆಯವನ ಎದುರಿಗೇ ಉದ್ದನೆಯ ಕಟ್ಟೆ, ಅದಕ್ಕೆ ಸಾಲಾಗಿ ಪೀಠಗಳು. ಬೆಂಗಳೂರಿನ ಶಾಂತಿನಗರದಲ್ಲಿಯೂ ಕವನ್ ಕುಟ್ಟಪ್ಪ ಎಂಬ ಅಡುಗೆಗಾರರು 2022ರಲ್ಲಿ ಕೆಲವೇ ಪೀಠಗಳ ‘ನರು’ ಎಂಬ ರಾಮೆನ್ ಅಂಗಡಿಯನ್ನು ತೆರೆದರು. ಜಪಾನೀ ಭಾಷೆಯಲ್ಲಿ ಆ ಮಾತಿಗೆ ‘ಆಗು’ ಎಂದರ್ಥ. ಕನ್ನಡ ಮೇಷ್ಟರ ಕಿವಿಗೆ ಮಾತ್ರ ಅದು ‘ನಾರು’ ಎಂದೇ ಕೇಳಿ, ಎಳೆ ಎಳೆಯಾದ ಈ ತಿಂಡಿಗೆ ಒಪ್ಪುತ್ತದೆ!

ರಾಮೆನ್ ಎಂದರೆ ಬಿಸಿ ಸಾರಿನಲ್ಲಿ ಮುಳುಗಿದ ಗೋಧಿಯ ಶಾವಿಗೆ. ಮೂಲತಃ ಚೀನದಿಂದ ಬಂದದ್ದು. ಟೋಕಿಯೋದ ಅಸಾಕುಸಾದಲ್ಲಿ 1910ರಲ್ಲಿ ಆರಂಭವಾದ ‘ರೈರೈಕೆನ್’ ಅದನ್ನು ಜನಪ್ರಿಯಗೊಳಿಸಿದ ಮೊದಲ ಅಂಗಡಿಗಳಲ್ಲೊಂದು. ಹಿಟ್ಟಿಗೆ ‘ಕಾನ್ಸುಯಿ’ ಎಂಬ ಕ್ಷಾರಜಲವನ್ನು ಬೆರೆಸುವುದರಿಂದ ಎಳೆಗೆ ಹಳದಿ ಬಣ್ಣವೂ ಪುಟಿಯುವ ಗುಣವೂ ಬರುತ್ತವೆ. ಹಪ್ಪಳಖಾರ ಹಾಕಿ ಹಿಟ್ಟು ಕಲಸುವ ನಮ್ಮ ತಾಯಂದಿರಿಗೆ ಇದನ್ನು ವಿವರಿಸಬೇಕಾಗಿಲ್ಲ. ಮಕ್ಕಳು ಎರಡು ನಿಮಿಷದಲ್ಲಿ ಬೇಯಿಸಿಕೊಳ್ಳುವ ಪೊಟ್ಟಣದ ನೂಡಲ್ಸು ಇದರ ಸಂತಾನವೇ. ಮೊಮೊಫುಕು ಆಂಡೋ ಎಂಬವರು 1958ರಲ್ಲಿ ಶಾವಿಗೆಯನ್ನು ಎಣ್ಣೆಯಲ್ಲಿ ಕರಿದು, ಒಣಗಿಸಿಡುವ ಉಪಾಯವನ್ನು ಬಳಕೆಗೆ ತಂದರು.

ಜಪಾನಿನ ಅನೇಕ ರಾಮೆನ್ ಅಂಗಡಿಗಳಲ್ಲಿ ಬಾಗಿಲ ಬಳಿಯೇ ಒಂದು ಯಂತ್ರವಿರುತ್ತದೆ. ಹಣ ಹಾಕಿ ಬೇಕಾದುದರ ಗುಂಡಿ ಒತ್ತಿದರೆ ಚೀಟಿ ಬರುತ್ತದೆ. ಅದನ್ನು ಅಡುಗೆಯವನಿಗೆ ಕೊಟ್ಟು ಕೂರುವುದು. ಇದು ನಮಗೆ ಹೊಸತೇನಲ್ಲ. 1983ರಲ್ಲಿ ಬೆಂಗಳೂರಿನ ಜಯನಗರದಲ್ಲಿ ‘ಕೆಫೆ ದರ್ಶಿನಿ’ ಆರಂಭವಾದಂದಿನಿಂದ ಮೊದಲು ದುಡ್ಡು ಕೊಟ್ಟು ಟೋಕನ್ ಪಡೆದು, ಆಮೇಲೆ ದೋಸೆಗೆ ಕೈಯೊಡ್ಡುವುದನ್ನು ನಾವೂ ಕಲಿತಿದ್ದೇವೆ.

ನಾವು ಹೋದ ಕಡೆ ಯಂತ್ರವಿರಲಿಲ್ಲ, ಪಟ್ಟಿ ಇತ್ತು. ಮೇಷ್ಟರು ಚಿತ್ರದಲ್ಲಿ ಹಸಿರು ಈರುಳ್ಳಿಯನ್ನು ಕಂಡು ಧೈರ್ಯದಿಂದ ಎರಡನೆಯ ಸಾಲಿನ ಮೇಲೆ ಬೆರಳಿಟ್ಟರು. ‘ಟೊಂಕೊತ್ಸು’ ಎಂದು ಬರೆದಿತ್ತು. ಅದರ ಅರ್ಥ ನಮಗಿಬ್ಬರಿಗೂ ತಿಳಿಯದು, ಕೇಳಲು ನಾಚಿಕೆ. ಹುಡುಗನೇ ತಡೆದು, “ಅಣ್ಣಾ, ಈ ಸಾರು ಯಾವುದರದು?” ಎಂದನು. ಬಡಿಸುವ ಯುವಕನು ಈಶಾನ್ಯದ ಕಡೆಯವನು, ಹರಕು ಕನ್ನಡ ಬಲ್ಲವನು. “ಹಂದಿ, ಹಂದಿ ಮೂಳೆ” ಎಂದನು. ಮೇಷ್ಟರ ಬೆರಳು ತಾನಾಗಿಯೇ ಹಿಂದಕ್ಕೆ ಬಂದಿತು!

ಇಲ್ಲಿ ಗಮನಿಸಬೇಕಾದುದೊಂದುಂಟು. ರಾಮೆನ್‌ನಲ್ಲಿ ಮೇಲಿಟ್ಟ ಮಾಂಸದ ತುಂಡನ್ನು ತೆಗೆಸಿದರೆ ಸಾಲದು. ಸೋಯಾ ಸಾರು, ಮಿಸೋ ಸಾರು ಎಂಬ ಸೌಮ್ಯ ಹೆಸರುಗಳ ಅಡಿಯಲ್ಲಿಯೂ ಕೋಳಿ, ಹಂದಿ, ಒಣಮೀನುಗಳ ರಸವಿರುವುದೇ ಸಾಮಾನ್ಯ. ಮೇಲೆ ತೇಲುವ ಜಿಡ್ಡು ಹಂದಿಯ ಕೊಬ್ಬಾಗಿರಬಹುದು. ಆದ್ದರಿಂದ ಸಸ್ಯಾಹಾರಿಗಳೂ, ಹಂದಿಯನ್ನು ಮುಟ್ಟದ ನಮ್ಮ ಮುಸಲ್ಮಾನ ಮಕ್ಕಳೂ ಸಾರು, ಜಿಡ್ಡು, ಮೇಲಿನ ತುಂಡು ಈ ಮೂರನ್ನೂ ಬೇರೆ ಬೇರೆಯಾಗಿ ವಿಚಾರಿಸಬೇಕು. ಜಪಾನಿನಲ್ಲಿ ‘ಸುಮಿಮಾಸೆನ್’ ಎಂದು ಕರೆದು ಮಾತು ಆರಂಭಿಸುವುದು ಮರ್ಯಾದೆ. ‘ಬುತಾ’ ಎಂದರೆ ಹಂದಿ, ‘ತೊರಿ’ ಎಂದರೆ ಕೋಳಿ, ‘ಸಕಾನಾ’ ಎಂದರೆ ಮೀನು. ಇವಿಷ್ಟನ್ನು ಹುಡುಗನು ಅಲ್ಲಿಯೇ ಕಾಗದದ ಮೇಲೆ ಬರೆದುಕೊಂಡನು.

ಮೇಷ್ಟರಿಗೆ ಅಣಬೆ ಮತ್ತು ಕಡಲಪಾಚಿಯ ಸಾರು ಸಿಕ್ಕಿತು. ನಮ್ಮದು ಕೋಳಿಯದು. ಬಟ್ಟಲು ಬಂದ ಕೂಡಲೇ ಉಣ್ಣಬೇಕು, ತಡಮಾಡಿದರೆ ಎಳೆ ಮೆತ್ತಗಾಗುತ್ತದೆ. ಸೊರ್ ಎಂದು ಸದ್ದುಮಾಡಿ ಹೀರಿದರೆ ಅಲ್ಲಿ ಯಾರೂ ತಪ್ಪೆಣಿಸರು. ಎಳೆ ಮುಗಿದು ಸಾರು ಉಳಿದರೆ ‘ಕಾಯೆದಾಮಾ’ ಎಂದು ಕೇಳಿ ಬರಿಯ ಶಾವಿಗೆಯನ್ನು ಮತ್ತೊಮ್ಮೆ ಹಾಕಿಸಿಕೊಳ್ಳುವ ಪದ್ಧತಿ ಫುಕುವೋಕಾ ಕಡೆಯದು. ಸಾರು ಮಿಕ್ಕಿತೆಂದು ಇನ್ನೊಂದು ಮುದ್ದೆ ಕೇಳುವ ನಮ್ಮವರಿಗೆ ಇದು ಸುಲಭವಾಗಿ ಅರ್ಥವಾಗುತ್ತದೆ. ಹುಡುಗನು ಎರಡು ಸಲ ಹಾಕಿಸಿಕೊಂಡನು. ಕಡ್ಡಿಗಳಿಂದ ತಿನ್ನುವುದು ಮೇಷ್ಟರಿಗೆ ಕಡೆಯವರೆಗೂ ಒಗ್ಗಲಿಲ್ಲ, ಚಮಚ ಕೇಳಿದರು. ಈ ಸಲ ತಾವಾಗಿಯೇ ಕೇಳಿದರು.

ಉಂಡಾದ ಮೇಲೆ ಜಪಾನಿನವರು ‘ಗೊಚಿಸೋಸಮಾ’ ಎಂದು ಅಡುಗೆಯವನಿಗೆ ಹೇಳಿ ಹೊರಡುತ್ತಾರೆ. ಹುಡುಗನು ಹೇಳಿಕೊಟ್ಟಂತೆ ನಾವೂ ಪರದೆಯ ಬಳಿ ನಿಂತು ಹೇಳಿದೆವು. ಬಡಿಸಿದ ಯುವಕನು ನಕ್ಕು, “ಊಟ ಆಯ್ತಾ ಸಾರ್?” ಎಂದನು.