ಹೊಗೆಯ ಋಣ

ಆಯವ್ಯಯಗಳ ಲೆಕ್ಕವಿಡದ ಗೃಹಸ್ಥನು ತನಗರಿವಿಲ್ಲದಂತೆಯೇ ಸಾಲಗಾರನಾಗುವನು. ಹೊಗೆಯ ವಿಷಯದಲ್ಲಿಯೂ ಇಂತಹ ಒಂದು ಲೆಕ್ಕವುಂಟು. ಒಂದು ಮನೆಯ ಅಥವಾ ಊರಿನ ಬಾಳುವೆಯಿಂದ ವಾಯುಮಂಡಲವನ್ನು ಸೇರಿ ಭೂಮಿಯ ಕಾವನ್ನು ಹೆಚ್ಚಿಸುವ ಇಂಗಾಲಾಮ್ಲವೇ ಮೊದಲಾದ ಅನಿಲಗಳ ಒಟ್ಟು ಮೊತ್ತಕ್ಕೆ ಇಂಗಾಲದ ಹೆಜ್ಜೆಗುರುತೆಂದು ಹೆಸರು.

ಶಿರಸಿ ತಾಲೂಕಿನ ಹೆಗಡೆಕಟ್ಟಾದಂತಹ ಅಡಿಕೆಯ ಸೀಮೆಯಲ್ಲಿ ಹೊಗೆಯುಗುಳುವ ದೊಡ್ಡ ಕಾರ್ಖಾನೆಗಳೆಲ್ಲಿ ಎಂದು ಕೆಲವರು ಕೇಳಬಹುದು. ಅಡುಗೆಯ ಒಲೆ, ಬಚ್ಚಲ ಒಲೆ, ಅಡಿಕೆ ಬೇಯಿಸುವ ಹಂಡೆಯ ಒಲೆ, ಕೊಟ್ಟಿಗೆಯ ಗೊಬ್ಬರಗುಂಡಿ, ಮೋಟಾರು ವಾಹನ ಇವೆಲ್ಲವೂ ಅದರ ಮೂಲಗಳೇ. ಒಂದು ಲೀಟರು ಪೆಟ್ರೋಲು ಉರಿದರೆ ಸುಮಾರು 2.3 ಕಿಲೋ, 14.2 ಕಿಲೋ ಅನಿಲದ ಒಂದು ಸಿಲಿಂಡರು ತೀರಿದರೆ ಸುಮಾರು 42 ಕಿಲೋ ಇಂಗಾಲಾಮ್ಲವು ಹೊರಬೀಳುತ್ತದೆ.

ಕಟ್ಟಿಗೆಯ ಲೆಕ್ಕವು ಬೇರೆ ಬಗೆಯದು. ಒಣಗಿದ ಕಟ್ಟಿಗೆಯ ತೂಕದಲ್ಲಿ ಸುಮಾರು ಅರ್ಧಾಂಶ ಇಂಗಾಲವಿರುತ್ತದೆ. ಉರಿಸಿದಷ್ಟು ಕಟ್ಟಿಗೆಯು ಸೊಪ್ಪಿನ ಬೆಟ್ಟದಲ್ಲಿ ಮರಳಿ ಬೆಳೆದರೆ ಆ ಇಂಗಾಲದ ಋಣವು ಕಾಲಕ್ರಮದಲ್ಲಿ ತೀರುವುದು. ಬೆಳೆಯದಿದ್ದರೆ ಮಕ್ಕಳ ತಲೆಯ ಮೇಲೆ ಸಾಲವಾಗಿ ಉಳಿಯುವುದು. 1983ರ ಸೆಪ್ಟೆಂಬರ್ 8ರಂದು ಇದೇ ತಾಲೂಕಿನ ಸಾಲ್ಕಣಿಯ ಭಾಗದ ಜನರು ಕಾಡಿನ ಮರಗಳನ್ನು ಅಪ್ಪಿಕೊಂಡು ಕೊಡಲಿಯನ್ನು ತಡೆದರು. ಅಪ್ಪಿಕೋ ಚಳವಳಿಯು ಅಂದು ಹುಟ್ಟಿತು. ಅನ್ಯರ ಕೊಡಲಿಯನ್ನು ತಡೆದ ಸೀಮೆಯು ತನ್ನ ಒಲೆಗಳ ಹಸಿವನ್ನೂ ತಗ್ಗಿಸುವುದು ಯುಕ್ತವಾದುದು.

ಇದಕ್ಕೆ ಸಾಧನಗಳು ಇಲ್ಲದಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು ರೂಪಿಸಿದ ಅಸ್ತ್ರ ಒಲೆಯು ಕಟ್ಟಿಗೆಯನ್ನು ಚೆನ್ನಾಗಿ ಉರಿಸಿ, ಹೊಗೆಯನ್ನು ಕೊಳವೆಯ ಮೂಲಕ ಹೊರಗೊಯ್ಯುತ್ತದೆ. ಕಟ್ಟಿಗೆಯೂ ಉಳಿಯುತ್ತದೆ, ಗೃಹಿಣಿಯ ಕಣ್ಣು ಶ್ವಾಸಗಳೂ ಉಳಿಯುತ್ತವೆ. ಗಾಳಿಯಾಡದ ಗುಂಡಿಯಲ್ಲಿ ಕೊಳೆಯುವ ಸಗಣಿಯಿಂದ ಮೀಥೇನು ಹುಟ್ಟುತ್ತದೆ. ನೂರು ವರ್ಷಗಳ ಗಣನೆಯಲ್ಲಿ ಅದು ಇಂಗಾಲಾಮ್ಲಕ್ಕಿಂತ ಸುಮಾರು 28 ಪಟ್ಟು ಹೆಚ್ಚಾಗಿ ಕಾವೇರಿಸುವಂತಹುದು. ಗೋಬರ್ ಗ್ಯಾಸ್ ಸ್ಥಾವರದಲ್ಲಿ ಅದನ್ನೇ ಹಿಡಿದು ಉರಿಸಿದರೆ ಅಡುಗೆಯಾಗುವುದು, ಉಳಿದ ಬಗ್ಗಡವು ತೋಟಕ್ಕೆ ಗೊಬ್ಬರವಾಗುವುದು. ಆದರೆ ಸ್ಥಾವರವು ಸೋರಿದರೆ ಮೀಥೇನು ಮತ್ತೆ ಗಾಳಿಯ ಪಾಲಾಗುವುದರಿಂದ, ಕಟ್ಟಿಸಿದಷ್ಟೇ ಶ್ರದ್ಧೆಯಿಂದ ಅದನ್ನು ದುರಸ್ತಿಯಲ್ಲಿಡಬೇಕು.

ಕಾಯಕದಿಂದ ಬಂದುದನ್ನು ಬೇಕಾದಷ್ಟೇ ಬಳಸಿ ಮಿಕ್ಕುದನ್ನು ಸಮಾಜಕ್ಕೆ ಸಲ್ಲಿಸುವುದು ದಾಸೋಹವು. ಇನ್ನೂ ಹುಟ್ಟದ ಪೀಳಿಗೆಯೂ ಆ ಸಮಾಜಕ್ಕೆ ಸೇರಿದುದೇ. ಬರುವ ಅಡಿಕೆ ಸುಗ್ಗಿಯಲ್ಲಿ ಪ್ರತಿಯೊಂದು ಮನೆಯವರೂ ಹಂಡೆಯ ಒಲೆಗೆ ಹಾಕುವ ಕಟ್ಟಿಗೆಯನ್ನು ತೂಗಿ ಬರೆದಿಡಲಿ. ಮರುವರ್ಷ ಆ ಅಂಕಿಯನ್ನು ಇಳಿಸಲು ಯತ್ನಿಸಲಿ. ಸಾಲದ ಮೊತ್ತವನ್ನು ಅರಿತವನಿಗೇ ಅದನ್ನು ತೀರಿಸುವ ದಾರಿಯು ಕಾಣುವುದು.